ಚಿಲ್ಲರೆ ಬಾಕಿ

ಮತ್ತಿಕೆರೆ. ಕೆಳಗೆ ಹಿಟ್ಟಿನ ಗಿರಣಿ, ಮೇಲೆ ಮೇಡಂ ರೂಮು.
ನಡುವೆ ಹದಿನೆಂಟು ಮೆಟ್ಟಿಲು. ಮೆಟ್ಟಿಲ ತುದಿಗೆ ನಾನು,
ಮುನಿಯಲ್ಲಪ್ಪ, ಇಪ್ಪತ್ತೊಂಬತ್ತು ವರ್ಷ
ಸಿಟಿ ಬಸ್ಸಿನ ಕಂಡಕ್ಟರು,
ಈಗ ರಿಜಿಸ್ಟರಿನಲ್ಲಿ ಹೆಸರು ಬರೆಯುವವನು.

ಮೊದಲ ದಿನವೇ ಮೇಡಂ ಹೇಳಿದ್ದರು:
'ಯಾಕೆ ಬಂದಿರಿ ಅಂತ ಯಾರನ್ನೂ ಕೇಳಬೇಡಿ.'
ನನಗಿದು ಹೊಸ ಪಾಠವಲ್ಲ.
ಎಲ್ಲಿಗೆ ಅಂತ ಕೇಳಿದ್ದೇನೆ ಲಕ್ಷ ಜನರನ್ನು,
ಯಾಕೆ ಅಂತ ಒಬ್ಬರನ್ನೂ ಕೇಳಿಲ್ಲ.

ಹನ್ನೊಂದನೆಯ ಮೆಟ್ಟಿಲಲ್ಲಿ ನಿಂತುಬಿಡುವವರು ಬಹಳ.
ಅಲ್ಲಿಂದ ಹಿಂದಿರುಗಿದರೆ, ಗಿರಣಿಗೇ ಬಂದವರಂತೆ
ರಾಗಿ ರೇಟು ಕೇಳಿ ಹೋಗಿಬಿಡಬಹುದು.

ಬುಧವಾರ ಸಂಜೆ ಚಿರಂತ್. ಸೆಕೆಂಡ್ ಪಿಯುಸಿ.
ಎಡಗಣ್ಣಿಗೆ ಹುಬ್ಬಿಲ್ಲ. ತಾನೇ ಕಿತ್ತದ್ದು, ಒಂದೊಂದೇ ಕೂದಲು,
ಸಿಇಟಿ ಮಾಡೆಲ್ ಪೇಪರಿನ ಮೇಲೆ ಸಾಲಾಗಿ ಇಟ್ಟು.
ಅಪ್ಪನಿಗೆ ಟ್ಯೂಷನ್ ಅಂದಿದ್ದಾಳಂತೆ ಅಮ್ಮ.
ಇದೂ ಟ್ಯೂಷನ್ನೇ ಕಣಪ್ಪ ಅಂದೆ. ನಗಲಿಲ್ಲ.
ಮುಂದಿನ ವಾರ ಮಾತ್ರ ನನ್ನ ಮೇಜಿನ ಮೇಲೊಂದು
ಕಡ್ಲೆ ಮಿಠಾಯಿ ಇಟ್ಟು ಹೋದ.

ನೀರಿನ ಟ್ಯಾಂಕರಿನ ಪಾಪಣ್ಣ ಬಂದದ್ದು ಎದೆ ಉರಿಗೆ.
ಮೂರು ಆಸ್ಪತ್ರೆ, ಎರಡು ಎಂಡೋಸ್ಕೋಪಿ ಆದಮೇಲೆ.
'ಗ್ಯಾಸ್ಟ್ರಿಕ್ ಅಷ್ಟೆ' ಅಂತ ನನಗೆ ಹೇಳಿಯೇ
ಈಗಲೂ ಒಳಗೆ ಹೋಗುತ್ತಾರೆ.
ಬರುವಾಗ ಕಣ್ಣು ಕೆಂಪು. ಗಿರಣಿ ಧೂಳು ಅನ್ನುತ್ತಾರೆ.
ಹೌದು ಸರ್, ಧೂಳು ಜಾಸ್ತಿ.

ಮತ್ತೆ ಆ ಬಾಣಂತಿ, ಸುಚರಿತಾ. ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು,
ಮೈಯಿಂದ ಓಮದ ಹೊಗೆಯ ವಾಸನೆ.
ಯಾರದೋ ಕಣ್ಣು ಬಿದ್ದಿದೆ ಅಂದರು ಅತ್ತೆ,
ದೃಷ್ಟಿ ತೆಗೆದದ್ದಾಯಿತು, ತಾಯಿತ ಆಯಿತು, ಇದೂ ಒಂದಾಗಲಿ.
ಅವಳದು ಒಂದೇ ಮಾತು, ರಿಜಿಸ್ಟರಿಗೆ ಹೇಳಿದ ಹಾಗೆ:
'ಮಗು ಅತ್ತರೆ
ಪಕ್ಕದ ಮನೆಯ ಕುಕ್ಕರ್ ಕೂಗಿದಂತಿರುತ್ತೆ.'
ಐವತ್ತು ನಿಮಿಷ ಮಗು ನನ್ನ ತೋಳಲ್ಲಿ.
ಯಶವಂತಪುರ ಸರ್ಕಲ್ಲಿನಲ್ಲಿ ಬಸ್ಸು ತಿರುಗುವಾಗ ನಿಲ್ಲುತ್ತಿದ್ದಂತೆ
ಕಾಲಗಲಿಸಿ ನಿಂತು, ಸುಮ್ಮನೆ ತೂಗಿದೆ.
ಮಗು ಮಲಗಿತು. ಅತ್ತೆಯೂ.

ಒಳಗಿನ ಅಳುವನ್ನೆಲ್ಲ ಗಿರಣಿಯೇ ನುಂಗುತ್ತದೆ.
ಬೆಸ್ಕಾಂನವರು ಕರೆಂಟು ತೆಗೆದಾಗ ಕಷ್ಟ, ಗೋಡೆ ತೆಳು.
ಆಗ ನಾನು ನಲ್ಲಿ ಬಿಟ್ಟು ಸ್ಟೀಲ್ ಲೋಟ ತೊಳೆಯುತ್ತೇನೆ,
ತೊಳೆದದ್ದನ್ನೇ ಮತ್ತೆ, ಸದ್ದು ಮಾಡಿಕೊಂಡು.

ನನ್ನದೂ ಒಂದಿದೆ.
ಚಿಲ್ಲರೆ ಇಲ್ಲದಾಗ ಟಿಕೆಟ್ಟಿನ ಬೆನ್ನಿಗೆ ಬಾಕಿ ಬರೆದುಕೊಡುತ್ತಿದ್ದೆವು,
ಇಳಿಯುವಾಗ ಇಸ್ಕೊಳ್ಳಿ ಅಂತ.
ತೊಂಬತ್ತಾರು, ಆಗಿನ್ನೂ ಬಿಟಿಎಸ್ಸು. ಗೊರಗುಂಟೆಪಾಳ್ಯ.
ಇಳಿದ ಮೇಲೆ ನೆನಪಾಗಿ ಓಡಿಬಂದ ಒಬ್ಬ ಹುಡುಗ
ಟಿಕೆಟ್ಟು ಎತ್ತಿ ಹಿಡಿದು, ಕಂಡಕ್ಟರ್, ಕಂಡಕ್ಟರ್.
ನಾನು ಸೀಟಿ ಊದಿಯಾಗಿತ್ತು.
ಹಿಂದಿನ ಚಕ್ರ.
ಮೂರೂವರೆ ರೂಪಾಯಿ.

ನಿನ್ನ ತಪ್ಪಲ್ಲ ಅಂದರು ಡಿಪೋದಲ್ಲಿ, ಟೀ ಕೊಡಿಸಿದರು,
ಮಾರನೆಯ ದಿನ ಅದೇ ರೂಟಿಗೆ ಹಾಕಿದರು.
ಮನೆಯಲ್ಲಿ ಹೇಳಿಲ್ಲ. ಚೀಲದ ಮೂಲೆಯಲ್ಲಿ ಬೇರೆ ಕಟ್ಟಿಟ್ಟಿದ್ದೆ
ಆ ದುಡ್ಡು, ಬಹಳ ವರ್ಷ.

ಮೊನ್ನೆ ಬೀಗ ಹಾಕುವಾಗ ಮೇಡಂಗೆ ಇಷ್ಟೇ ಅಂದೆ,
ನನಗೂ ಒಂದು ಟೈಮು ಬೇಕಿತ್ತು.
ಅವರು ಯಾಕೆ ಅನ್ನಲಿಲ್ಲ. ಜೊತೆಗೆ ಕೆಲಸ ಮಾಡುವವರದ್ದು
ನಾನು ಕೇಳಬಾರದು ಅಂತ ಮಲ್ಲೇಶ್ವರದ ಒಂದು ವಿಳಾಸ ಕೊಟ್ಟರು.

ಅಲ್ಲೂ ಮೆಟ್ಟಿಲು. ನಾನೂ ನಿಂತೆ ನಡುವಿನಲ್ಲಿ.
ಕೆಳಗೆ ಇದ್ದದ್ದು ಚಪ್ಪಲಿ ಅಂಗಡಿ,
ಕೇಳಿ ಹೋಗೋಣವೆಂದರೆ ರಾಗಿ ರೇಟೂ ಇರಲಿಲ್ಲ.
ಮೇಲೊಬ್ಬ ಹುಡುಗಿ ಹೆಸರು ಬರೆದುಕೊಂಡಳು,
ತಲೆಯೆತ್ತಿ ನೋಡಲಿಲ್ಲ. ಒಳ್ಳೆಯ ಹುಡುಗಿ.

ಒಳಗೆ ಕೂತು ಬಾಯಿ ತೆರೆದರೆ
ಮೊದಲು ಬಂದದ್ದು ಆ ಸ್ಟಾಪಿನ ಹೆಸರು,
ಬಸ್ಸಿನಲ್ಲಿ ಕೂಗಿದಷ್ಟೇ ಗಟ್ಟಿಯಾಗಿ.

ಆಮೇಲೆ ಹೊರಗೆ ಯಾರೋ
ನಲ್ಲಿ ಬಿಟ್ಟರು, ಜೋರಾಗಿ.