ಎರಡು ಬೆರಳ ಸಡಿಲು

ಅಸ್ಮಾರಾದ ಬೆಳಗು ಬಿಸಿಯೇರುವ ಮೊದಲೇ
ಲೆತೆಂಕಿಯೆಲ್ ಸೂಲಗಿತ್ತಿ ತನ್ನ ಫಿಯಾಟ್ ಆರುನೂರನ್ನು
ಮೆದೆಬೆರಿನ ಗೇಟಿನ ತನಕ ಎರಡನೇ ಗೇರಿನಲ್ಲೇ ತಂದಳು.
ಬದಲಿಸಹೋದರೆ ಹಲ್ಲು ಕಡಿಯುತ್ತದಂತೆ.
ಬೆನ್ನ ಹಿಂದಿನ ಎರಡು ದಿಂಬು ಕಂಕುಳಲ್ಲಿ ಹಿಡಿದು ಇಳಿದಳು.
ಕುಳ್ಳಿ ಅವಳು; ದಿಂಬಿಲ್ಲದೆ ಪೆಡಲ್ಲು ಎಟುಕದು.

"ಆರು ತಿಂಗಳಿಂದ ಸಡಿಲ, ಬುಧವಾರ ಪೂರ್ತಿ.
ಕಾಲಿಟ್ಟರೆ ಕೆಸರಿಗೆ ಇಟ್ಟಂತೆ,
ನೆಲ ಮುಟ್ಟುತ್ತದೆ, ಏನೂ ಆಗುವುದಿಲ್ಲ.
ನೆಫಾಸಿತ್ ಇಳಿಜಾರಿನಲ್ಲಿ ಕೈಕೊಟ್ಟಿತು.
ಚಕ್ರಕ್ಕೆ ಕಲ್ಲಿಟ್ಟು, ಚೀಲ ಹೊತ್ತು, ನಡೆದೆ.
ಹೋಗುವಷ್ಟರಲ್ಲಿ ಕೂಸು ತಾನೇ ಹುಟ್ಟಿ
ಅತ್ತೂ ಮುಗಿಸಿ ನಿದ್ದೆ ಹೋಗಿತ್ತು.
ಆ ಮನೆಯ ಅಜ್ಜಿ ನನಗೆ ಕಾಫಿ ಕೊಟ್ಟಳು, ನೆಂಟರಿಗೆ ಕೊಟ್ಟ ಹಾಗೆ!
ಮೂವತ್ತೊಂದು ವರ್ಷದಲ್ಲಿ ಇಂಥ ಅವಮಾನ ಆಗಿರಲಿಲ್ಲ."

ಹಬ್ತೆಜ್ಗಿ ಉತ್ತರಿಸಲಿಲ್ಲ. ಅವನ ಬಾಯಿ ಬಿಚ್ಚುವುದು
ಬೆನ್ನು ನೆಲಕ್ಕೆ ತಾಗಿದ ಮೇಲೆ.
ಗೋಣಿ ಹಾಸಿ ಕೆಳಗೆ ಜಾರಿದ. ನಾನು ಒಳಗೆ,
ಕೆಲಸಕ್ಕೆ ಸೇರಿ ಹನ್ನೊಂದು ದಿನದ ಹುಡುಗಿ,
ಚಪ್ಪಲಿ ಬಿಟ್ಟು ಬರಿಗಾಲು ಪೆಡಲ್ಲಿಗೆ ಕೊಟ್ಟು.

ಒತ್ತು, ಎಂದಿತು ನೆಲ.
ಒತ್ತಿದೆ.
ಬಿಡು.
ಬಿಟ್ಟೆ.
ನಿಧಾನ. ಒತ್ತು. ಉಸಿರಾಡು ರಿಶಾನ್, ಸೀಟು ಮುರಿಯಬೇಡ.
ಲೆತೆಂಕಿಯೆಲ್ ಬಾಗಿಲಿಗೆ ಒರಗಿ ನಕ್ಕಳು:
"ನನ್ನ ಮಾತೆಲ್ಲ ಕದ್ದಿದ್ದಾನೆ ಇವನು."

ಮೂಗಿನಲ್ಲಿ ಪೆಡಲ್ಲು, ಬಾಲದಲ್ಲಿ ಎಂಜಿನ್ನು,
ನಡುವೆ ಕತ್ತಲ ಕೊಳವೆಯೊಳಗೆ ಒಂದೇ ಒಂದು ಉಕ್ಕಿನ ಹಗ್ಗ.
ಎಳೆದು ತೆಗೆದರೆ ಎಳೆ ಬಿಚ್ಚಿ
ಮುದುಕನ ಹುಬ್ಬಿನಂತೆ ಕೆದರಿತ್ತು.
ಪೆಡಲ್ಲಿನ ಬುಷ್ಷು ಒಂದು ಪಕ್ಕ ಸವೆದು ಮೊಟ್ಟೆಯಾಕಾರ.
ಹೊಸದು ಟುರಿನ್ನಿನಿಂದ ಬರಬೇಕು; ಬರುವುದಿಲ್ಲ.
ಹಗ್ಗ ಸಿಕ್ಕಿದ್ದು ಸತ್ತ ಟ್ರ್ಯಾಕ್ಟರಿನ ಬ್ರೇಕಿನಲ್ಲಿ.
ನಾಲ್ಕನೇ ಅಂಗಡಿಯ ಲೇತಿನವನು
ಫಿರಂಗಿಯ ಖಾಲಿ ತೋಟೆಯ ಬುಡ ಕೊಯ್ದು
ಹಿತ್ತಾಳೆಯ ಬುಷ್ಷು ಕಡೆದುಕೊಟ್ಟ.
ಯಾವ ಬೆಟ್ಟದಲ್ಲಿ ಸಿಡಿದದ್ದೋ ಯಾರೂ ಕೇಳಲಿಲ್ಲ.
ಕೈಗೆ ಬಿಸಿ ತಾಗಿತು. ಲೇತಿನ ಬಿಸಿ.
ಗ್ರೀಸು ಸವರಿ ಕೂರಿಸಿದೆ. ಅಲುಗಲಿಲ್ಲ.

"ಈಗ ನಟ್ಟು. ನೀನೇ ತಿರುಗಿಸು."
ತಿರುಗಿಸಿದೆ, ಕೆಲಸ ಬರುತ್ತದೆಂದು ತೋರಿಸಲು,
ಇನ್ನೊಂದು ಸುತ್ತು, ಮತ್ತೊಂದು,
ಸಡಿಲವೆಂಬುದರ ಹೆಸರಿಲ್ಲದಂತೆ.
ಅವನು ಹಗ್ಗವನ್ನು ಬೆರಳಲ್ಲಿ ಮೀಟಿ ಕಿವಿಗೊಟ್ಟ:
"ಚೆನ್ನಾಗಿದೆ. ಕ್ರಾರ್ ನುಡಿಸಬಹುದು."
ಮೂರೂವರೆ ಸುತ್ತು ವಾಪಸು ಬಿಟ್ಟ.

"ಪೂರ್ತಿ ಬಿಗಿದರೆ ಬೇರಿಂಗು ಹಗಲೂ ರಾತ್ರಿ ಉಜ್ಜಿಕೊಂಡೇ ಇರುತ್ತದೆ,
ತಿಂಗಳಿಗೆ ಬೂದಿ.
ಮೊದಲ ಎರಡು ಬೆರಳು ಪೆಡಲ್ಲು ಸುಮ್ಮನೆ ಇಳಿಯಬೇಕು,
ಎಂಜಿನ್ನಿಗೆ ಸುದ್ದಿಯೇ ಮುಟ್ಟಬಾರದು. ಆಮೇಲೆ ಕೆಲಸ."

"ಎರಡು ಬೆರಳೇ?" ಲೆತೆಂಕಿಯೆಲ್ ಬಗ್ಗಿದಳು.
"ನಮ್ಮಲ್ಲಿ ಎರಡು ಬೆರಳೆಂದರೆ
ಇನ್ನೂ ಬೇಕಾದಷ್ಟು ಹೊತ್ತಿದೆ, ಕಾಫಿ ಹುರಿಯಿರಿ ಎಂದರ್ಥ."
ತನ್ನವೇ ಎರಡು ಬೆರಳನ್ನು
(ಎಷ್ಟು ಬಾಗಿಲು ಅಳೆದವೋ ಅವು)
ಪೆಡಲ್ಲಿನ ಅಂಚಿಗಿಟ್ಟಳು. ಸಣ್ಣ ಬೆರಳು.
ಹಬ್ತೆಜ್ಗಿ ಸ್ವಲ್ಪ ಹೊತ್ತು ನೋಡಿ
ನಟ್ಟನ್ನು ಅರೆಸುತ್ತು ಬಿಗಿದ, ಅವಳ ಅಳತೆಗೆ,
ಮೇಲೆ ಚೆಕ್ ನಟ್ಟು ಕಚ್ಚಿಸಿದ.

ಹೊರಟಳು. ಗೇಟಿನಲ್ಲಿ ಗಾಡಿ ಜಗ್ಗಿ ನಿಂತಿತು.
ತಾಳೆಮರದ ಹತ್ತಿರ ಇನ್ನೊಮ್ಮೆ.
ಆರು ತಿಂಗಳು ಕೆಸರು ತುಳಿದ ಪಾದಕ್ಕೆ
ರಿಪೇರಿಯಾದದ್ದು ಗೊತ್ತೇ ಇಲ್ಲ.
"ಕಾಲಿಗೆ ಬುದ್ಧಿ ಹೇಳಬೇಕು," ಎಂದ ಹಬ್ತೆಜ್ಗಿ, ಕೈ ಒರೆಸುತ್ತ,
"ಓಡುವುದಕ್ಕಲ್ಲ."

ಮೂರನೇ ಸಲ ಹಲ್ಲು ಕಡಿಯದೆ ಗೇರು ಬಿತ್ತು.
ತಿರುವಿನಲ್ಲಿ ಮರೆಯಾದವಳು ಹಿಮ್ಮುಖವಾಗಿ ಬಂದಳು.
ದುಡ್ಡು ಕೊಡಲು ಮರೆತಳೇನೋ ಅಂದುಕೊಂಡೆ.
ಕಿಟಕಿಯಿಂದ ಒಂದು ದಿಂಬು ಹಾರಿ ನನ್ನ ಎದೆಗೆ ಬಡಿಯಿತು.
"ನೀನಿಟ್ಟುಕೋ. ನನಗಿನ್ನು ಒಂದೇ ಸಾಕು,
ನೆಲದ ತನಕ ತುಳಿಯಬೇಕಿಲ್ಲ."

ದುಡ್ಡು ಬಂದದ್ದು ಮುಂದಿನ ತಿಂಗಳು.