ನೀರಿನ ಮಟ್ಟ

ಕೇಸಿನಲ್ಲಿ 'ಧ' ಯಾವಾಗಲೂ ಕಡಿಮೆ ಬೀಳುತ್ತಿತ್ತು ನಮಗೆ.
ಹೊಸ ಮೊಳೆಗೆ ದುಡ್ಡಿಲ್ಲ,
'ದ'ದಲ್ಲೇ ಸಂಭಾಳಿಸುತ್ತಿದ್ದೆ.
ಬೂದ್ಯಪ್ಪನವರು ಬರೆದದ್ದು: ಮೂವರ ಬಂಧನ.
ನಾನು ಜೋಡಿಸಿದ್ದು: ಮೂವರ ಬಂದನ.

ಡಿ.ಸಿ. ಆಫೀಸಿನ ಹಿಂದಿನ ಕೋಣೆಯಲ್ಲಿ
ಸದಾನಂದಯ್ಯ ಕನ್ನಡಕ ಹಣೆಗೇರಿಸಿ
ಕರಡನ್ನು ಮೂಗಿನ ಹತ್ತಿರ ಹಿಡಿದರು.
"ಏನಯ್ಯಾ ಇನಾಸ, ಇದರ ಹೊಟ್ಟೆ ಸೀಳಬೇಕಲ್ಲ?"
ಕೆಂಪು ಶಾಯಿಯಲ್ಲಿ ಸೀಳಿದರು, ಅಚ್ಚುಕಟ್ಟಾಗಿ.
ಆಮೇಲೆ, ತಿದ್ದಿದ ಪದವೂ ಸೇರಿ
ಸಾಲಿಗೆ ಸಾಲೇ ಹೊಡೆದುಹಾಕಿದರು.

ಕೆಟ್ಟ ಮನುಷ್ಯ ಅಂತಲ್ಲ.
ನನಗೂ ಅರ್ಧ ಲೋಟ ಕಾಫಿ ಬಗ್ಗಿಸುತ್ತಿದ್ದರು.
"ಖಾಲಿ ಬಿಡಬೇಡ ಮತ್ತೆ. ಮೇಲಿಂದ ಆರ್ಡರ್ ಬಂದಿದೆ.
ಬಿಳಿ ಜಾಗವೂ ಏನೋ ಹೇಳುತ್ತಂತೆ."

ಬುಧವಾರದ ರಾತ್ರಿ, ಎಪ್ಪತ್ತಾರರ ಏಪ್ರಿಲ್.
ಚೌಕಟ್ಟಿನ ನಡುವೆ ನಾಲ್ಕು ಸಾಲಿನ ಗುಂಡಿ.
ಬೀಡಿ ಆರಿಸಿ ಬೂದ್ಯಪ್ಪನವರು ಅಂದರು:
"ಹೊಳೆ ನೀರಿನ ಮಟ್ಟ ಹಾಕು. ಮೂರಡಿ ಏರಿಕೆ."
ಹೊಳೆಯಲ್ಲಿ ಆಗ ಎಮ್ಮೆಯ ಗೊರಸೂ ಮುಳುಗುತ್ತಿರಲಿಲ್ಲ.
ಅವರ ಮುಖ ನೋಡಿದೆ.
ಅವರು ಮೊಳೆ ನೋಡುತ್ತಿದ್ದರು.

ಮುಂದಿನ ವಾರ ಐದಡಿ.
ಭದ್ರಾವತಿಯ ಕಾರ್ಖಾನೆ ಗೇಟಿನಲ್ಲಿ
ವ್ಯಾನು ತುಂಬಿದ ವಾರ ಹನ್ನೊಂದು.
"ನೀರಾವರಿ ಇಲಾಖೆ ಲೆಕ್ಕವೇನಯ್ಯಾ?"
"ಹೂಂ ಸಾರ್."
ಸದಾನಂದಯ್ಯ 'ಏರಿಕೆ'ಗೆ ಒಂದು ದೀರ್ಘ ಎಳೆಯಲು ಹೋಗಿ
ಬೇಡವೆಂದು ಬಿಟ್ಟು, ಮೊಹರು ಒತ್ತಿದರು.

ಮೊದಲು ಜಗಳಕ್ಕೆ ಬಂದವಳು ಮಡಿವಾಳರ ಹನುಮಕ್ಕ.
ಪತ್ರಿಕೆ ಮೇಜಿಗೆ ಬಡಿದು ನಿಂತಳು.
"ಹೊಳೇಲಿ ನಿಂತು ಒಗೆಯೋಳು ನಾನು.
ಶಿವರಾತ್ರಿಯಿಂದ ಮಂಡಿ ನೆಂದಿಲ್ಲ.
ಓದಿ ಹೇಳಿದ ಮೊಮ್ಮಗನಿಗೆ ಹೊಡೆದು ಬಂದಿದೀನಿ."
ಬೂದ್ಯಪ್ಪನವರು ಸ್ಟೂಲು ಸರಿಸಿ ಕೇಳಿದರು:
"ಅಕ್ಕಾ, ನಿಮ್ಮ ಕೇರೀಲಿ ಯಾರನ್ನಾದ್ರೂ
ಜೀಪಲ್ಲಿ ಕೂರಿಸ್ಕೊಂಡು ಹೋದ್ರಾ ಈ ವಾರ?"
ಅವಳು ಕೂರಲಿಲ್ಲ.
ಬೆರಳು ಮಡಿಸಿದಳು, ಒಂದು, ಎರಡು,
ಮೂರನೆಯದನ್ನು ಅರ್ಧ ಮಡಿಸಿ ತಡೆದಳು.
ಸೆರಗಿನ ಗಂಟು ಬಿಚ್ಚಿ
ಎರಡು ಪ್ರತಿಯ ಕಾಸು ಕೊಟ್ಟು ಹೋದಳು.

ಆಮೇಲೆ ಸೇತುವೆ ಮೇಲೆ ಜನ.
ಕಂಕುಳಲ್ಲಿ ಮಡಿಸಿದ ಪತ್ರಿಕೆ,
ಕೆಳಗೆ ಬೋಳು ಬಂಡೆ, ಬಂಡೆ ಮೇಲೆ ಬಕ.
"ಎಷ್ಟಾಯ್ತು?"
"ಹದಿನಾಲ್ಕು."
"ಏರ್ತಾ ಇದೆ."
ಪೊಲೀಸಿನವನೂ ಬಗ್ಗಿ ನೋಡಿದ,
ಬಿದ್ದವರು ಯಾರೋ ಇರಬೇಕೆಂದು.

ಜುಲೈಯಲ್ಲಿ ನಿಜದ ನೀರೇ ಬಂತು ನೋಡಿ,
ನಮ್ಮ ಲೆಕ್ಕವೆಲ್ಲ ಕಲಸಿಹೋಯ್ತು.
ಹೊಳೆ ಹೇಳುವುದು ಒಂದು, ನಾವು ಹೇಳುವುದು ಒಂದು,
ಎರಡೂ ಅಡಿಗಳಲ್ಲೇ.
ಓದುವವರು ಗೊಂದಲಕ್ಕೆ ಬಿದ್ದರು.
ಬೂದ್ಯಪ್ಪನವರು ಬೇರೆ ಉಪಾಯ ಹುಡುಕುತ್ತಿದ್ದರು,
ಉಷ್ಣಾಂಶವೋ, ಬಸ್ಸಿನ ವೇಳೆಯೋ ಅಂತ.
ಅಷ್ಟರಲ್ಲಿ ಅವರನ್ನೇ ಒಯ್ದರು.
ಚಪ್ಪಲಿ ಒಂದು ಮೆಟ್ಟಿಲ ಮೇಲಿತ್ತು.
ಇನ್ನೊಂದು ಸಿಗಲಿಲ್ಲ.

ಆ ಬುಧವಾರ ಬರೆದುಕೊಡುವವರಿಲ್ಲ.
ಹಸ್ತಪ್ರತಿಯಿಲ್ಲದೆ ಜೋಡಿಸಿದ್ದು ಅದೊಂದೇ ಸಲ.
ಸೀಮೆಎಣ್ಣೆಯಲ್ಲಿ ಕೈ ತೊಳೆದು,
ಎರಡೇ ಪದ, ಇದ್ದುದರಲ್ಲಿ ದಪ್ಪ ಮೊಳೆ:
ಮಂಟಪ ಮುಳುಗಿತು.

ಸದಾನಂದಯ್ಯನ ಮನೆ ಕೋರ್ಪಲಯ್ಯನ ಛತ್ರದ ಕಡೆ.
ಬೆಳಿಗ್ಗೆ ಜಗಲಿಯಲ್ಲಿ ಹಲ್ಲುಜ್ಜುತ್ತ
ಮಂಟಪ ನೋಡಿಯೇ ಬಂದಿರುತ್ತಾರೆ.
ನೀರು ಅದರ ಬುಡಕ್ಕಿನ್ನೂ ತಾಗಿರಲಿಲ್ಲ.
ಕೆಂಪು ಪೆನ್ನಿನ ಮುಚ್ಚಳ ತೆಗೆದರು.
ಫ್ಯಾನಿನ ಸದ್ದು.
ಒಂದೊಂದೇ ಅಕ್ಷರವನ್ನು ಉಗುರಲ್ಲಿ ಮುಟ್ಟಿದರು,
ಹೊಟ್ಟೆ ಸೀಳಬೇಕಾದ್ದೇನಾದರೂ ಇದೆಯೇ ಎನ್ನುವ ಹಾಗೆ.
"ಕಾಗುಣಿತ ಸರಿಯಿದೆ," ಅಂದರು.
ಆ ದಿನ ಕಾಫಿ ಬರಲಿಲ್ಲ.
ಮೊಹರು ಬಿತ್ತು.

ಗುರುವಾರ ಹೊಳೆದಂಡೆಯಲ್ಲಿ
ಮಂಟಪ ಮುಳುಗಿದ ದಿನ ಬರುವಂತೆ ಬಂದರು ಜನ.
ಮೊರದಲ್ಲಿ ಅರಿಶಿನ, ಕುಂಕುಮ, ಹಸಿರು ಬಳೆ.
ಮಾತಿಲ್ಲ.
ಒಬ್ಬರ ಹಿಂದೆ ಒಬ್ಬರು ಬಾಗಿ
ನೀರಿಗೆ ಬಿಟ್ಟು ನಿಂತರು.

"ಕಾಣ್ತಾ ಇದೆಯಲ್ಲ ಮಂಟಪ!"
ಹನುಮಕ್ಕನ ಮೊಮ್ಮಗ ಕೈ ಚಾಚಿದ.
ಅವಳು ಈ ಸಲ ಹೊಡೆಯಲಿಲ್ಲ.
ಗದ್ದ ಹಿಡಿದು ಮುಖ ಆ ಕಡೆ ತಿರುಗಿಸಿದಳು:
"ಇನ್ನೊಂದ್ಸಲ ನೋಡು."