ಚೀಲ ನಂಬರ್ ನಲವತ್ತೊಂದು

ಗೊಜ್ಜಾಮಿನ ನಲವತ್ತು ಊರು ತಿರುಗಿ ಬಂದಿದ್ದೆ,
ಊರಿಗೊಂದು ಚೀಲ ಹುಚ್ಚೆಳ್ಳು, ಚೀಲಕ್ಕೊಂದು ಚೀಟಿ.
ನಲವತ್ತೊಂದನೆಯದು ಎಮೆಟೆ ಜೆನೆಬೆಚ್ ಕೊಟ್ಟದ್ದು,
ಇಂಜೆರಾ ಹೆಂಚು ಒರೆಸುವ ಕೈ ನಿಲ್ಲಿಸದೆ,
ಮೂಲೆಯ ಸೋರೆಬುರುಡೆಯತ್ತ ಗದ್ದ ತೋರಿ:
‘ಬಗ್ಗಿ ತಗೋ. ಇರುವೆಗೂ ಸ್ವಲ್ಪ ಬಿಡು.’

ತಳಿಯ ಹೆಸರು? ಕೇಳಿದೆ. ನಕ್ಕಳು ಮುದುಕಿ.
‘ಹುಚ್ಚೆಳ್ಳಿಗೆ ಹುಚ್ಚೆಳ್ಳು ಅಂತಲೇ ಹೆಸರು, ಮಗಳೇ.’
ಬರೆದುಕೊಂಡೆ: ಹೆಸರಿಲ್ಲ.

ಅಡಿಸ್ ಅಬಾಬದಲ್ಲಿ ಮೂರು ತಿಂಗಳು.
ಎಳೆ ಎಲೆ ಅರೆದು, ಸೋಸಿ, ತಣ್ಣನೆ ಆಲ್ಕೋಹಾಲಿನಲ್ಲಿ
ಹತ್ತಿಯ ಎಳೆಯಂಥ ಡಿಎನ್ಎ ಏಳುವುದನ್ನು ಕಾದೆ.
ಎರಡು ಸಲ ಕರೆಂಟು ಹೋಗಿ ಜೆಲ್ ಹಾಳಾಯಿತು.
ಮೂರನೆಯ ಸಲ, ನೇರಳೆ ಬೆಳಕಿನಡಿ, ಗೆರೆ ಮೂಡಿದವು
ನೆತೆಲಾ ಶಾಲಿನ ಅಂಚಿನ ಹಾಗೆ.

ಊರೂರಿಗೂ ಬೇರೆ ಇರಬೇಕೆಂದು ಎಣಿಸಿದ್ದೆವು.
ಇರಲಿಲ್ಲ. ನಲವತ್ತೂ ನೆಂಟರೇ;
ಗುಡ್ಡದ ಆಚೆ ಯಾವ ಜಿಲ್ಲೆಯೆಂದು ಜೇನಿಗೇನು ಗೊತ್ತು?
ಆದರೆ ನಲವತ್ತೊಂದನೇ ಚೀಲದೊಳಗೆ
ಒಂದು ಕಾಳಿನಂತೆ ಇನ್ನೊಂದಿಲ್ಲ.
ಊರಿಗೂ ಊರಿಗೂ ಇರುವುದಕ್ಕಿಂತ ದೂರ
ಒಂದೇ ಬುರುಡೆಯಲ್ಲಿ ಮೈಗೆ ಮೈ ತಾಗಿ ಕೂತಿದೆ.

‘ಕಲಬೆರಕೆ. ತೆಗೆದುಹಾಕು’ ಎಂದರು ಡಾಕ್ಟರ್ ಗೆಬೆಯೆಹು.
ಅವರಿಗೆ ಬೇಕಾದ್ದು ಒಂದೇ ಎತ್ತರ, ಒಂದೇ ವಾರ ಹೂವು,
ಕೊಯ್ಲಿಗೆ ಮುಂಚೆ ಉದುರದ ಕಾಳು, ನೂರಕ್ಕೆ ನಲವತ್ತೈದು ಎಣ್ಣೆ.
ತಪ್ಪೇನಿಲ್ಲ. ಎಣ್ಣೆಗೆ ಕ್ಯೂ ನಿಂತವಳು ನಾನೂ.
ಆದರೆ ಈ ಗಿಡಕ್ಕೆ ತನ್ನ ಪರಾಗ ತನಗೇ ಆಗದು.
ಒಂಟಿಯಾಗಿ ನೆಟ್ಟು ಪರದೆ ಕಟ್ಟಿದರೆ
ಹಳದಿ ಹಳದಿ ಅರಳಿ
ಜೊಳ್ಳು ಕೊಟ್ಟು ಒಣಗುತ್ತದೆ.

ಮತ್ತೆ ಹೋದೆ, ಏಳು ಗಂಟೆ ಬಸ್ಸು, ಆಮೇಲೆ ಕಾಲ್ನಡಿಗೆ.
‘ಕಲಬೆರಕೆಯಲ್ಲದೆ ಮತ್ತೇನು?’ ಎಂದಳು ಎಮೆಟೆ.
‘ಯಾರ ಕಣಕ್ಕೆ ಹೋದರೂ ಕೊನೆಗೊಂದು ಹಿಡಿ ಕೇಳುತ್ತೇನೆ.
ನನ್ನ ಅತ್ತೆಯೂ ಕೇಳುತ್ತಿದ್ದಳು, ನಾಚಿಕೆಯಿಲ್ಲದೆ.
ಇಬ್ಬನಿ ಹೆಪ್ಪುಗಟ್ಟಿದ ವರ್ಷ
ಯಾರದೋ ಒಂದು ಹಿಡಿ ಉಳಿದುಕೊಳ್ಳುತ್ತದೆ.
ಯಾರದೆಂದು ಗೊತ್ತಿಲ್ಲ. ಗೊತ್ತಿರಬೇಕೇ?’

ಹೊರಡುವಾಗ ಅಂಗೈ ಚಾಚಿದಳು:
‘ನಿನ್ನ ಕಣದ್ದು?’

ನನ್ನ ಕಣ!
ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಗಿನ ಕೋಣೆ,
ಬೆಳ್ಳಿ ಬಣ್ಣದ ಪೊಟ್ಟಣಗಳು, ಎರಡು ಬೀಗ.
ಇಷ್ಟು ವರ್ಷದಲ್ಲಿ ಯಾರೂ ನಮ್ಮನ್ನು ಹಾಗೆ ಕೇಳಿರಲಿಲ್ಲ.

ಅರ್ಜಿ ಹಾಕಿದೆ. ಉದ್ದೇಶ ಎಂಬ ಖಾನೆಯಲ್ಲಿ
‘ಸಾಲ ತೀರಿಸಲು’ ಎಂದು ಬರೆದು, ಹೊಡೆದುಹಾಕಿ,
‘ಸಂಶೋಧನೆ’ ಎಂದು ಬರೆದೆ.
ಜೂನ್ ಬಂತು. ಅರ್ಜಿ ಇನ್ನೂ ಮೇಜಿನಿಂದ ಮೇಜಿಗೆ ನಡೆಯುತ್ತಿದೆ.

ನಿನ್ನೆ ಕೋಟು ಒಗೆಯಲೆಂದು ಜೇಬು ಮಗುಚಿದರೆ
ಹೊಲಿಗೆಯಲ್ಲಿ ಸಿಕ್ಕಿಕೊಂಡಿದ್ದವು ಕಪ್ಪು ಕಾಳು, ಹದಿನೇಳು.
ಯಾವ ಚೀಲದವೋ.
ಕಾಗದದಲ್ಲಿ ಮಡಚಿ ಗೊಜ್ಜಾಮಿನ ಬಸ್ಸಿನ
ಕಂಡಕ್ಟರನ ಕೈಗಿಟ್ಟೆ.
ಚೀಟಿ ಅಂಟಿಸಲಿಲ್ಲ.